‘ಪಂಪಿಂಗ್ 64 ಪರ್ಸೆಂಟ್’: ತುಂಬಿಕೊಳ್ಳಲಾರದ ಹೃದಯದ ಒಂದು ಪ್ರಕರಣ

ಗುರುತು ಸಿಗಬಾರದೆಂದು ಇಲ್ಲಿ ವಯಸ್ಸು, ವೃತ್ತಿ, ಮನೆಯವರ ವಿವರ ಎಲ್ಲವನ್ನೂ ಬದಲಿಸಿದ್ದೇನೆ. ಕಾಯಿಲೆ ನಡೆದ ದಾರಿಯನ್ನೂ ನಾವು ದಾರಿ ತಪ್ಪಿದ ಜಾಗಗಳನ್ನೂ ಮಾತ್ರ ಹಾಗೆಯೇ ಉಳಿಸಿಕೊಂಡಿದ್ದೇನೆ.

ಹಿನ್ನೆಲೆ

68ರ ಆಸುಪಾಸಿನ ನಿವೃತ್ತ ಶಿಕ್ಷಕಿ. ವಾರ್ಡಿನಲ್ಲಿ ಎಲ್ಲರೂ ಅವರನ್ನು ಟೀಚರಮ್ಮ ಎನ್ನುತ್ತಿದ್ದರು, ಇಲ್ಲೂ ಹಾಗೇ ಕರೆಯುತ್ತೇನೆ. 20 ವರ್ಷದಿಂದ ಬಿಪಿ ಇತ್ತು. ಮಾತ್ರೆಯೂ ಇತ್ತು, ಆದರೆ ತಲೆ ನೋಯದ ದಿನ ಅದರ ನೆನಪು ಇರುತ್ತಿರಲಿಲ್ಲ. ಸಕ್ಕರೆ ಕಾಯಿಲೆ ಇಲ್ಲ, ಎದೆನೋವು ಬಂದದ್ದಿಲ್ಲ, ಉಬ್ಬಸದ ಇತಿಹಾಸವೂ ಇಲ್ಲ. ಮೂರು ತಿಂಗಳಿಂದ ಮಹಡಿ ಮೆಟ್ಟಿಲು ಹತ್ತುವಾಗ ಅರ್ಧದಲ್ಲೇ ಕಂಬಿ ಹಿಡಿದು ನಿಲ್ಲಬೇಕಾಗುತ್ತಿತ್ತು. ವಯಸ್ಸಾಯಿತು ಅಂದುಕೊಂಡು ಸುಮ್ಮನಿದ್ದರು. ಆಮೇಲೆ ಮಲಗುವಾಗ ಒಂದು ದಿಂಬು ಎರಡಾಯಿತು, ಎರಡು ಮೂರಾಯಿತು. ಒಂದು ರಾತ್ರಿ ಮೂರೂ ಸಾಲದೆ ಎದ್ದು ಕೂತರು. ಕೂತಲ್ಲೇ ದಮ್ಮು ಕಟ್ಟಿತು. ಮಗ ನಡುರಾತ್ರಿ ಕರೆದುಕೊಂಡು ಬಂದ.

ಮೊದಲ ರಾತ್ರಿ

ಎದೆಗೆ ಸ್ಟೆತೊಸ್ಕೋಪ್ ಇಟ್ಟರೆ ಸುಯ್ ಎಂಬ ಸಿಳ್ಳೆ ಸದ್ದು. ರಾತ್ರಿ ಪಾಳಿಯಲ್ಲಿದ್ದ ನಾವು ಅದನ್ನು ಉಬ್ಬಸವೆಂದೇ ಓದಿಕೊಂಡೆವು. ಸಾಲ್ಬುಟಮಾಲ್ ನೆಬ್ಯುಲೈಸರ್ ಹಾಕಿದೆವು, ಒಂದಲ್ಲ, ಎರಡು ಸಲ. ಉಬ್ಬಸವಾಗಿದ್ದರೆ ಹತ್ತಿಪ್ಪತ್ತು ನಿಮಿಷದಲ್ಲಿ ಮುಖ ಸಡಿಲಾಗಬೇಕಿತ್ತು. ಟೀಚರಮ್ಮ ಮಾಸ್ಕನ್ನು ಕೈಯಿಂದ ಸರಿಸಿ, "ಎದೆ ಓಡ್ತಾ ಇದೆ, ನಿಲ್ಲಿಸಿ ಇದನ್ನ" ಅಂದರು. ಆ ಮಾತು ಸರಿಯಾಗಿತ್ತು. ಸಾಲ್ಬುಟಮಾಲ್ ಶ್ವಾಸನಾಳವನ್ನು ಸಡಿಲಿಸುವ ಜೊತೆಗೆ ಹೃದಯವನ್ನೂ ಓಡಿಸುತ್ತದೆ. ಬಡಿತ 118ರಿಂದ 146ಕ್ಕೆ ಏರಿತ್ತು.

ಆಗ ಇಸಿಜಿ ತೆಗೆದೆವು. ಗೆರೆಗಳ ನಡುವಿನ ಅಂತರ ಒಂದೊಂದು ಕಡೆ ಒಂದೊಂದು ಥರ, ಮೇಲಿನ ಕೋಣೆಗಳ ಪಿ ಅಲೆ ಎಲ್ಲೂ ಇಲ್ಲ. ಆಟ್ರಿಯಲ್ ಫಿಬ್ರಿಲೇಶನ್. ಅಂದರೆ ಹೃತ್ಕರ್ಣಗಳು ಒಟ್ಟಾಗಿ ಹಿಂಡಿಕೊಳ್ಳುವುದನ್ನು ಬಿಟ್ಟು ಬರೀ ನಡುಗುತ್ತಿವೆ. ಎಕ್ಸ್‌ರೇಯಲ್ಲಿ ಎರಡೂ ಶ್ವಾಸಕೋಶದಲ್ಲಿ ನೀರಿನ ಛಾಯೆ. ಸಿಳ್ಳೆ ಬಂದದ್ದು ಒದ್ದೆಯಾಗಿ ಊದಿಕೊಂಡ ಶ್ವಾಸನಾಳಗಳಿಂದ. ಫ್ಯೂರೋಸಮೈಡ್ ಇಂಜೆಕ್ಷನ್ ಕೊಟ್ಟೆವು, ಬೆಳಗಿನ ಹೊತ್ತಿಗೆ ಒಂದೂವರೆ ಲೀಟರ್ ಮೂತ್ರ ಹೋಯಿತು, ಟೀಚರಮ್ಮ ಒರಗಿಕೊಂಡು ನಿದ್ದೆ ಮಾಡಿದರು. ಎರಡನೆಯ ದಿನದಿಂದ ರಕ್ತ ಹೆಪ್ಪುಗಟ್ಟದಂತೆ ತಡೆಯುವ ಮಾತ್ರೆ ಶುರುವಾಯಿತು, ಯಾಕೆಂದರೆ ನಡುಗುವ ಹೃತ್ಕರ್ಣದಲ್ಲಿ ನಿಂತ ರಕ್ತ ಗಡ್ಡೆಕಟ್ಟಿ ಮಿದುಳಿಗೆ ಹೋಗಬಹುದು. ಅಲ್ಲಿಯವರೆಗೆ ನಮ್ಮ ಲೆಕ್ಕ ಹೆಚ್ಚುಕಡಿಮೆ ಸರಿಯೇ ಇತ್ತು.

ಕೆಟ್ಟದ್ದು ಎಕೋ, ಅಂದರೆ ಹೃದಯದ ಅಲ್ಟ್ರಾಸೌಂಡ್, ರಿಪೋರ್ಟ್ ಬಂದ ಮೇಲೆ. ಕೊನೆಯ ಸಾಲಿನಲ್ಲಿ ‘ಎಜೆಕ್ಷನ್ ಫ್ರಾಕ್ಷನ್ 64%, ಪಂಪಿಂಗ್ ನಾರ್ಮಲ್’ ಎಂದಿತ್ತು. ನಾವೆಲ್ಲ ಆ ಸಾಲನ್ನು ಓದಿ ಮಿಕ್ಕದ್ದನ್ನು ಓದಲಿಲ್ಲ. ಪಂಪ್ ಸರಿಯಿದೆ, ಹಾಗಾದರೆ ತೊಂದರೆ ನೀರಿನದು, ನೀರು ತೆಗೆಯೋಣ ಎಂದು ತೀರ್ಮಾನಿಸಿದೆವು. ಫ್ಯೂರೋಸಮೈಡ್ ದುಪ್ಪಟ್ಟಾಯಿತು.

ಅತ್ತ ದರಿ, ಇತ್ತ ಪುಲಿ

ನಾಲ್ಕನೆಯ ದಿನಕ್ಕೆ ತೂಕ ನಾಲ್ಕೂವರೆ ಕಿಲೋ ಇಳಿದಿತ್ತು. ಕಾಲಿನ ಊತ ಹೋಗಿತ್ತು, ರಾತ್ರಿ ಒಂದೇ ದಿಂಬು. ರೌಂಡ್ಸ್‌ನಲ್ಲಿ ಒಬ್ಬರಿಗೊಬ್ಬರು ಶಭಾಸ್ ಅಂದುಕೊಳ್ಳುವಷ್ಟರಲ್ಲಿ ಟೀಚರಮ್ಮ ಬಚ್ಚಲಮನೆಗೆ ಹೋಗುವಾಗ ಗೋಡೆ ಹಿಡಿದು ಕುಸಿದರು. ಬಿಪಿ 92/60. ಕ್ರಿಯಾಟಿನಿನ್ 0.9 ಇದ್ದದ್ದು 1.7. ಕಿಡ್ನಿಗೆ ಸಾಕಷ್ಟು ರಕ್ತ ಹೋಗುತ್ತಿರಲಿಲ್ಲ. ಅದಕ್ಕಿಂತ ವಿಚಿತ್ರವೆಂದರೆ, ಶ್ವಾಸಕೋಶ ಒಣಗಿದ್ದರೂ ಹತ್ತು ಹೆಜ್ಜೆ ನಡೆದರೆ ಏದುಸಿರು ಮಾತ್ರ ಹಾಗೆಯೇ ಇತ್ತು.

ನೀರು ಜಾಸ್ತಿ ತೆಗೆದೆವೆಂದು ಮಾತ್ರೆ ನಿಲ್ಲಿಸಿ ಅರ್ಧ ಲೀಟರ್ ಸಲೈನ್ ಕೊಟ್ಟೆವು. ಬಿಪಿ ಚೇತರಿಸಿಕೊಂಡಿತು. ಆದರೆ ಅದೇ ರಾತ್ರಿ ಮತ್ತೆ ಕೆಮ್ಮು, ಮತ್ತೆ ಮೂರು ದಿಂಬು. ಬರೀ ಅರ್ಧ ಲೀಟರ್‌ಗೆ! ಆರೋಗ್ಯವಂತರ ದೇಹ ಅಷ್ಟನ್ನು ಗಮನಿಸುವುದೂ ಇಲ್ಲ. ತೆಗೆದರೆ ಬಿಪಿ ಬೀಳುತ್ತದೆ, ಕೊಟ್ಟರೆ ಶ್ವಾಸಕೋಶ ತುಂಬುತ್ತದೆ. ನಡುವೆ ಉಳಿದ ಹಾದಿ ಕೂದಲೆಳೆಯಷ್ಟು.

36 ಎಲ್ಲಿ ಹೋಯಿತು?

ತಿರುವು ಸಿಕ್ಕಿದ್ದು ನಮ್ಮಲ್ಲಿ ಯಾರ ಜಾಣತನದಿಂದಲೂ ಅಲ್ಲ. ಐದನೆಯ ದಿನ ಮಗ ರಿಪೋರ್ಟ್ ಹಿಡಿದುಕೊಂಡು ಬಂದು ಕೇಳಿದ: "ಡಾಕ್ಟ್ರೇ, ಪಂಪಿಂಗ್ 64 ಅಂತ ಬರೆದಿದೀರಿ, ನಾರ್ಮಲ್ ಅಂತಲೂ ಬರೆದಿದೀರಿ. ಉಳಿದ 36 ಎಲ್ಲಿ ಹೋಯ್ತು?"

ಈ ಪ್ರಶ್ನೆ ನಮಗೆ ಹೊಸದಲ್ಲ. ಎಜೆಕ್ಷನ್ ಫ್ರಾಕ್ಷನ್ನನ್ನು ಜನ ಪರೀಕ್ಷೆಯ ಅಂಕದ ಹಾಗೆ ಓದುತ್ತಾರೆ, 60 ಬಂದರೆ 40 ಕಳೆದುಕೊಂಡಂತೆ. ನಾನೂ ರೂಢಿಯ ಉತ್ತರ ಶುರುಮಾಡಿದೆ: ಯಾವ ಹೃದಯವೂ ನೂರಕ್ಕೆ ನೂರು ಹಿಂಡಿ ಖಾಲಿ ಮಾಡುವುದಿಲ್ಲಪ್ಪಾ, ಎಡ ಹೃತ್ಕುಕ್ಷಿಯಲ್ಲಿ, ಅಂದರೆ ಕೆಳಗಿನ ಎಡ ಕೋಣೆಯಲ್ಲಿ, 120 ಮಿಲಿಲೀಟರ್ ತುಂಬಿದ್ದರೆ 70 ಹೊರಗೆ ಹೋಗುತ್ತದೆ, 50 ಒಳಗೇ ಉಳಿಯುತ್ತದೆ, ಅದೇ ಸಹಜ. ಹೇಳುತ್ತಾ ಕಾಗದದ ಅಂಚಿನಲ್ಲಿ ಬರೆದು ತೋರಿಸಲು ಅವನ ಕೈಯಿಂದ ರಿಪೋರ್ಟ್ ತೆಗೆದುಕೊಂಡೆ. ಮೊದಲ ಪುಟದಲ್ಲಿ ಟೀಚರಮ್ಮನ ಅಂಕಿಗಳೇ ಇದ್ದವು. ತುಂಬಿದಾಗ 78 ಮಿಲಿಲೀಟರ್, ಹಿಂಡಿದ ಮೇಲೆ 28. ಹೊರಹೋದದ್ದು 50. 78ರಲ್ಲಿ 50 ಎಂದರೆ 64 ಪರ್ಸೆಂಟ್. ಭಾಗಾಕಾರ ಸರಿಯೇ ಇತ್ತು. ಕೆಳಗಿನ ಸಂಖ್ಯೆಯನ್ನು ನಾವು ಯಾರೂ ನೋಡಿರಲಿಲ್ಲ, ಅಷ್ಟೇ. ಹೃದಯ ತನಗೆ ಬಂದದ್ದನ್ನು ಚೆನ್ನಾಗಿಯೇ ಹಿಂಡುತ್ತಿತ್ತು. ಬರುತ್ತಿದ್ದದ್ದೇ ಕಡಿಮೆ. ಅದೇ ಪುಟದಲ್ಲಿ ಎಡ ಹೃತ್ಕುಕ್ಷಿಯ ಗೋಡೆ 1.4 ಸೆಂಟಿಮೀಟರ್ ಎಂದಿತ್ತು. ಹೆಂಗಸರಲ್ಲಿ 0.9 ದಾಟಿದರೇ ದಪ್ಪ ಎನ್ನುತ್ತೇವೆ. 20 ವರ್ಷ ಏರಿದ ಬಿಪಿಯ ಎದುರು ಹಿಂಡಿ ಹಿಂಡಿ ಸ್ನಾಯು ಪೈಲ್ವಾನನ ತೋಳಿನಂತಾಗಿತ್ತು, ಆದರೆ ಒಳಗೆ ಜಾಗವಿಲ್ಲ, ಹಿಗ್ಗುವ ಗುಣವೂ ಇಲ್ಲ.

ಇಲ್ಲಿ ಒಂದು ಬಡಿತವನ್ನು ಬಿಡಿಸಿ ನೋಡಬೇಕು. ನಿಮಿಷಕ್ಕೆ 75 ಬಡಿತ ಎಂದುಕೊಂಡರೆ ಒಂದಕ್ಕೆ 0.8 ಸೆಕೆಂಡು. ಅದರಲ್ಲಿ ಹೃತ್ಕುಕ್ಷಿ ಹಿಂಡುವುದು ಸುಮಾರು 0.3 ಸೆಕೆಂಡು ಮಾತ್ರ, ಉಳಿದ 0.5 ಸಡಿಲಾಗಿ ತುಂಬಿಕೊಳ್ಳುವುದಕ್ಕೆ. ಹೃದಯವನ್ನು ಪಂಪ್ ಎಂದು ಕರೆದು ಕರೆದು ನಮಗೆ ಹಿಂಡುವ ಅರ್ಧ ಮಾತ್ರ ಕಣ್ಣಿಗೆ ಕಾಣುತ್ತದೆ. ಆದರೆ ಅದರ ಹೆಚ್ಚಿನ ಹೊತ್ತು ಕಳೆಯುವುದು ತುಂಬುವುದರಲ್ಲೇ.

ಬಡಿತದ ಕಿಡಿ ಹೊರಡುವುದು ಬಲ ಹೃತ್ಕರ್ಣದ ಮೇಲ್ಮೂಲೆಯ ಸೈನಸ್ ನೋಡ್‌ನಿಂದ. ಹೃತ್ಕರ್ಣಗಳು ಹಿಂಡಿಕೊಳ್ಳುತ್ತವೆ. ಕಿಡಿ ಎವಿ ನೋಡ್‌ನಲ್ಲಿ ಸೆಕೆಂಡಿನ ಹತ್ತನೇ ಒಂದು ಭಾಗದಷ್ಟು ತಡೆದು ನಿಲ್ಲುತ್ತದೆ. ಮೇಲಿನವರು ಕೆಲಸ ಮುಗಿಸಿ ಕೆಳಗಿನವರಿಗೆ ಸರದಿ ಕೊಡಲಿ ಎಂಬಂತೆ. ಆಮೇಲೆ ಹೃತ್ಕುಕ್ಷಿಗಳು ಬಿಗಿಯುತ್ತವೆ, ಮೇಲಿನ ಕೆಳಗಿನ ಕೋಣೆಗಳ ನಡುವಿನ ಮೈಟ್ರಲ್ (ಎಡ) ಮತ್ತು ಟ್ರೈಕಸ್ಪಿಡ್ (ಬಲ) ಕವಾಟಗಳು ಮುಚ್ಚಿಕೊಳ್ಳುತ್ತವೆ, ಅದೇ ನಮಗೆ ಕೇಳುವ ‘ಲಬ್’. ಒಂದು ಕ್ಷಣ ಎಲ್ಲ ಬಾಗಿಲೂ ಮುಚ್ಚಿ, ರಕ್ತ ಎಲ್ಲಿಗೂ ಹೋಗದೆ ಒತ್ತಡ ಮಾತ್ರ ಏರುತ್ತದೆ. ಮಹಾಪಧಮನಿಯಲ್ಲಿ ಕಾದಿರುವ ಸುಮಾರು 80ರ ಒತ್ತಡವನ್ನು ದಾಟಿದ ಮೇಲಷ್ಟೇ ಆ ಕವಾಟ ತೆರೆದು ರಕ್ತ ಚಿಮ್ಮುತ್ತದೆ. ಸ್ನಾಯು ಬರೀ ಒತ್ತುವುದಿಲ್ಲ, ಒದ್ದೆ ಬಟ್ಟೆ ಹಿಂಡುವ ಹಾಗೆ ತಿರುಚಿಕೊಳ್ಳುತ್ತದೆ. ಒತ್ತಡ ಇಳಿಯುತ್ತಲೇ ಹೊರಬಾಗಿಲುಗಳು ಮುಚ್ಚಿ ‘ಡಬ್’.

ಟೀಚರಮ್ಮನ ಕಥೆ ಇರುವುದು ಈ ‘ಡಬ್’ ಆದ ಮೇಲೆ. ತಿರುಚಿದ ಸ್ನಾಯು ಬಿಡಿಸಿಕೊಳ್ಳುತ್ತಾ ಹೀರುವ ಸೆಳೆತ ಹುಟ್ಟುತ್ತದೆ, ಮೈಟ್ರಲ್ ಕವಾಟ ತೆರೆದು ರಕ್ತ ಧುಮ್ಮಿಕ್ಕುತ್ತದೆ. ಸಡಿಲಾಗುವುದೆಂದರೆ ಸುಮ್ಮನೆ ಕೈಬಿಡುವುದಲ್ಲ. ಸ್ನಾಯುಕೋಶದೊಳಗೆ ಹರಡಿದ ಕ್ಯಾಲ್ಸಿಯಂ ಅನ್ನು ಶಕ್ತಿ ಖರ್ಚುಮಾಡಿ ವಾಪಸು ಕೂಡಿಡಬೇಕು. ಮೊದಲ ಭರ ಇಳಿದ ಮೇಲೆ ಹರಿವು ನಿಧಾನವಾಗುತ್ತದೆ, ಕೊನೆಗೆ ಹೃತ್ಕರ್ಣ ಒಂದು ಸಲ ಹಿಂಡಿ ಉಳಿದದ್ದನ್ನು ತಳ್ಳುತ್ತದೆ. ಮೆತ್ತನೆಯ ಹೃದಯದಲ್ಲಿ ಈ ಕೊನೆಯ ತಳ್ಳು ತುಂಬುವುದರ ಐದನೇ ಒಂದು ಭಾಗದಷ್ಟು, ಇಲ್ಲದಿದ್ದರೂ ನಡೆಯುತ್ತದೆ. ಗಟ್ಟಿಯಾದ ಹೃದಯದಲ್ಲಿ ಮೊದಲ ಭರವೇ ಸೊರಗಿರುವುದರಿಂದ ಕೊನೆಯ ತಳ್ಳಿನ ಮೇಲೆಯೇ ಭಾರವೆಲ್ಲ ಬೀಳುತ್ತದೆ. ಟೀಚರಮ್ಮನಿಗೆ ಅದೇ ಇರಲಿಲ್ಲ.

ಬೆರಳಿನ ಕ್ಲಿಪ್ ಹೇಳಿದ ಅರ್ಧಸತ್ಯ

ಹಾಗಿದ್ದರೂ ಒಂದು ಗಂಟು ಉಳಿಯಿತು. ಬಡಿತ ಹೆಚ್ಚಾದರೆ ಕೊರೆ ಬೀಳುವುದು ಬಹುಪಾಲು ತುಂಬುವ ಸಮಯಕ್ಕೇ, ಹಿಂಡುವ ಸಮಯ ಅಷ್ಟಾಗಿ ಕುಗ್ಗುವುದಿಲ್ಲ. 140 ಬಡಿತವೆಂದರೆ ಒಂದಕ್ಕೆ 0.43 ಸೆಕೆಂಡು, ತುಂಬುವುದಕ್ಕೆ ಹೆಚ್ಚೆಂದರೆ 0.2 ಸಿಗುತ್ತದೆ. ಆದರೆ ನಮ್ಮ ಚಾರ್ಟಿನಲ್ಲಿ ಮೂರು ದಿನದಿಂದ ನಾಡಿ 98, 102, 104 ಎಂದಷ್ಟೇ ಇತ್ತು. ಅಷ್ಟಕ್ಕೆ ಇಷ್ಟು ತೊಂದರೆಯೇ?

ಮಂಚದ ಪಕ್ಕ ನಿಂತು ಸಿಸ್ಟರ್‌ಗೆ ಹೇಳಿದೆ, ನೀವು ಮಣಿಕಟ್ಟಿನಲ್ಲಿ ಎಣಿಸಿ, ನಾನು ಎದೆಯ ಮೇಲೆ ಎಣಿಸುತ್ತೇನೆ, ಒಂದೇ ಗಡಿಯಾರ, ಪೂರ್ತಿ ಒಂದು ನಿಮಿಷ. ಟೀಚರಮ್ಮ ತರಗತಿಯಲ್ಲಿ ಮಕ್ಕಳು ಲೆಕ್ಕ ಮಾಡುವುದನ್ನು ನೋಡುವವರ ಹಾಗೆ ಇಬ್ಬರನ್ನೂ ನೋಡುತ್ತಿದ್ದರು. ನಿಮಿಷ ಮುಗಿಯಿತು. ಸಿಸ್ಟರ್ 104 ಅಂದರು. ನನ್ನ ಲೆಕ್ಕ 138.

ಇಬ್ಬರದೂ ಸರಿ. 34 ಬಡಿತಗಳು ಎದೆಯಲ್ಲಿ ಆಗಿ ಮಣಿಕಟ್ಟಿಗೆ ಬಂದೇ ಇರಲಿಲ್ಲ. ಫಿಬ್ರಿಲೇಶನ್‌ನಲ್ಲಿ ಬಡಿತಗಳ ಅಂತರ ಏರುಪೇರು. ಹಿಂದಿನದರ ಬೆನ್ನಿಗೇ ಅವಸರದಲ್ಲಿ ಬಿದ್ದ ಬಡಿತಕ್ಕೆ ತುಂಬಿಕೊಳ್ಳಲು ಪುರುಸೊತ್ತಿಲ್ಲ. ಹೃತ್ಕುಕ್ಷಿ ಬಿಗಿಯುತ್ತದೆ, ‘ಲಬ್’ ಕೇಳುತ್ತದೆ, ಆದರೆ ಹೊರಬಾಗಿಲನ್ನು ನೆಟ್ಟಗೆ ತೆರೆಯುವಷ್ಟೂ ರಕ್ತ ಒಳಗಿರುವುದಿಲ್ಲ. ಬೆರಳಿನ ಕ್ಲಿಪ್ ಎಣಿಸುವುದು ಬೆರಳಿಗೆ ಬಂದ ಅಲೆಗಳನ್ನು. ಅದೇ ಅಂಕಿ ಚಾರ್ಟಿಗೆ ಹೋಗಿತ್ತು. ಮಾನಿಟರಿನಲ್ಲಿ ಇಸಿಜಿಯ ಅಂಕಿ ಬೇರೆ ಬಣ್ಣದಲ್ಲಿ ಮೇಲುಗಡೆಯೇ ಮಿನುಗುತ್ತಿತ್ತು, ತಂತಿ ಅಲುಗಾಡಿರಬೇಕೆಂದು ನಾವು ಅದನ್ನು ಕಡೆಗಣಿಸಿದ್ದೆವು. ನನಗೆ ಇಡೀ ಪ್ರಕರಣದಲ್ಲಿ ಹೆಚ್ಚು ನಾಚಿಕೆಯಾದದ್ದು ಇಲ್ಲೇ.

ಈಗ ಹಿಂದಿನ ಮೂರೂ ಸೋಲುಗಳು ಒಂದೇ ದಾರಕ್ಕೆ ಪೋಣಿಸಿಕೊಂಡವು. ನೆಬ್ಯುಲೈಸರ್ ತುಂಬುವ ಸಮಯವನ್ನು ಕದ್ದಿತು. ಫ್ಯೂರೋಸಮೈಡ್ ಶ್ವಾಸಕೋಶವನ್ನು ಒಣಗಿಸುತ್ತಲೇ ತುಂಬುವ ರಕ್ತವನ್ನೂ ಕದ್ದಿತು. ಹೃದಯ ಎಷ್ಟು ತುಂಬಿಕೊಳ್ಳುತ್ತದೋ ಅಷ್ಟು ಜೋರಾಗಿ ಹಿಂಡುತ್ತದೆ ಎಂದು 1895ರಲ್ಲಿ ಜರ್ಮನಿಯ ಒಟ್ಟೊ ಫ್ರಾಂಕ್, ಆಮೇಲೆ ಲಂಡನ್ನಿನಲ್ಲಿ ಅರ್ನೆಸ್ಟ್ ಸ್ಟಾರ್ಲಿಂಗ್ ತೋರಿಸಿಕೊಟ್ಟಿದ್ದರು. ಓದಿ ಪಾಸಾದ ಪಾಠವದು, ಮಂಚದ ಪಕ್ಕ ನೆನಪಾಗಲಿಲ್ಲ. ಇನ್ನು ಸಲೈನ್: ದಪ್ಪ ರಬ್ಬರಿನ ಚೀಲಕ್ಕೆ ಸ್ವಲ್ಪ ನೀರು ಹೆಚ್ಚಿಗೆ ಹಾಕಿದರೂ ಒತ್ತಡ ಜಿಗಿಯುತ್ತದೆ, ಆ ಒತ್ತಡ ಹಿಂದಕ್ಕೆ ಎಡ ಹೃತ್ಕರ್ಣಕ್ಕೆ, ಅಲ್ಲಿಂದ ಶ್ವಾಸಕೋಶಕ್ಕೆ.

ಸಮಯ ಕೊಡುವುದು

ಆಗ ಮಾಡಿದ್ದು ಸರಳ ಕೆಲಸ. ಬಡಿತ ನಿಧಾನ ಮಾಡುವ ಮೆಟೊಪ್ರೊಲಾಲ್ ಮಾತ್ರೆಯನ್ನು ಸಣ್ಣ ಪ್ರಮಾಣದಲ್ಲಿ ಶುರುಮಾಡಿ ಮೂರು ದಿನದಲ್ಲಿ ಏರಿಸಿದೆವು. ಫ್ಯೂರೋಸಮೈಡ್ ದಿನಕ್ಕೊಂದು, ಅದೂ ಬೆಳಗಿನ ತೂಕ ನೋಡಿ. ಎದೆಯ ಬಡಿತ 82ಕ್ಕೆ ಇಳಿದ ದಿನ ಮಣಿಕಟ್ಟಿನಲ್ಲಿ 80 ಸಿಕ್ಕಿತು. ಬಿಪಿ 118/74. ನಿಧಾನ ಮಾಡುವ ಮಾತ್ರೆಯಿಂದ ಬಿಪಿ ಏರಿದ್ದು ಕಂಡು ಕಿರಿಯ ವೈದ್ಯರೊಬ್ಬರು ಎರಡು ಸಲ ಅಳೆದರು. ಕ್ರಿಯಾಟಿನಿನ್ ಒಂದು ವಾರದಲ್ಲಿ 1.0. ಟೀಚರಮ್ಮ ವಾರ್ಡಿನ ಉದ್ದಕ್ಕೆ ಎರಡು ಸುತ್ತು ನಡೆದರು. ಮೆಟ್ಟಿಲು ಮಾತ್ರ ಇನ್ನೂ ಆಗಲಿಲ್ಲ. ಅರ್ಧಕ್ಕೇ ಕಂಬಿ.

ಇಲ್ಲಿ ನಮ್ಮಲ್ಲೇ ವಾದ ಹುಟ್ಟಿತು. "ಬಡಿತ 80ಕ್ಕೆ ಬಂತಲ್ಲ, ಹೆಪ್ಪುಗಟ್ಟದ ಮಾತ್ರೆ ಇದೆಯಲ್ಲ, ಈ ವಯಸ್ಸಿಗೆ ಇನ್ನೇನು ಬೇಕು?" ಎಂದರು ಸಹೋದ್ಯೋಗಿಯೊಬ್ಬರು. ಎಷ್ಟೋ ರೋಗಿಗಳಿಗೆ ಅದು ಸರಿಯಾದ ಮಾತು, ನಾನೂ ಹಾಗೇ ಬಿಟ್ಟಿದ್ದೇನೆ. ಆದರೆ ಗೋಡೆ 1.4 ಇರುವವರಿಗೆ ಸಮಯ ಕೊಟ್ಟರಷ್ಟೇ ಸಾಲದು, ಕೊನೆಯ ತಳ್ಳನ್ನೂ ವಾಪಸು ಕೊಡಬೇಕು ಎಂಬುದು ನನ್ನ ಹಟ. ಫಿಬ್ರಿಲೇಶನ್ ಶುರುವಾಗಿ ಕೆಲವೇ ತಿಂಗಳಾಗಿರಬೇಕು, ಎಡ ಹೃತ್ಕರ್ಣ ತೀರಾ ಹಿಗ್ಗಿರಲಿಲ್ಲ, ಶಾಕ್ ಕೊಟ್ಟು ಸರಿಯಾದ ಲಯಕ್ಕೆ ಮರಳಿಸಿದರೆ ಅದು ಉಳಿಯುವ ಸಾಧ್ಯತೆ ಇತ್ತು. ಕೊನೆಗೆ ನಿರ್ಧರಿಸಿದವರು ಟೀಚರಮ್ಮನೇ. "ಮೆಟ್ಟಿಲು ಹತ್ತೋ ಹಾಗಾದ್ರೆ ಮಾಡಿ" ಅಂದರು.

ಹೆಪ್ಪುಗಟ್ಟದ ಮಾತ್ರೆ ಒಂದು ಹೊತ್ತೂ ತಪ್ಪದೆ ಮೂರು ವಾರ ನಡೆಯಬೇಕು, ಇಲ್ಲದಿದ್ದರೆ ಲಯ ಮರಳಿದ ಹೃತ್ಕರ್ಣ ಗಡ್ಡೆಯನ್ನು ಹೊರಗೆಸೆಯಬಹುದು. ಬಿಪಿ ಮಾತ್ರೆ ಮರೆಯುತ್ತಿದ್ದವರು ಇದನ್ನು ಕ್ಯಾಲೆಂಡರಿನಲ್ಲಿ ಗುರುತು ಹಾಕಿಕೊಂಡು ನುಂಗಿದರು. ಆಮೇಲೆ ಕಾರ್ಡಿಯೊವರ್ಷನ್: ಕೆಲವು ನಿಮಿಷ ನಿದ್ದೆ ಬರಿಸಿ, ಇಸಿಜಿಯಲ್ಲಿ ಹೃತ್ಕುಕ್ಷಿ ಬಿಗಿಯುವ ಹೊತ್ತಿನ ಚೂಪು ಗೆರೆಯಾದ ಆರ್ ಅಲೆಗೆ ಹೊಂದಿಸಿ ಒಂದು ಶಾಕ್. ಹೊಂದಿಸದೆ ಕೊಟ್ಟರೆ ಹೃತ್ಕುಕ್ಷಿ ಚೇತರಿಸಿಕೊಳ್ಳುವ ಹೊತ್ತಿನ ಟಿ ಅಲೆಯ ಮೇಲೆ ಬಿದ್ದು ಹೃತ್ಕುಕ್ಷಿಯೇ ನಡುಗಲು ಶುರುವಾಗುವ ಅಪಾಯವಿದೆ. ಬರ್ನಾರ್ಡ್ ಲೌನ್ 1960ರ ದಶಕದ ಆರಂಭದಲ್ಲಿ ರೂಢಿಗೆ ತಂದ ವಿಧಾನವಿದು. ಪರದೆಯ ಮೇಲೆ ಒಂದು ಚಪ್ಪಟೆ ಗೆರೆ, ನಮ್ಮೆಲ್ಲರ ಉಸಿರು ಒಂದು ಕ್ಷಣ ನಿಂತಿತು, ಆಮೇಲೆ ಸಣ್ಣ ದುಂಡನೆಯ ಪಿ ಅಲೆ, ಅದರ ಹಿಂದೆ ಎತ್ತರದ ಆರ್.

ಕಥೆ ಇಲ್ಲಿಗೆ ಸುಖಾಂತವಾಗಲಿಲ್ಲ. ಎರಡು ವಾರದ ನಂತರ ಬಂದವರು "ದಮ್ಮಿಲ್ಲ, ಆದ್ರೆ ಕೈಕಾಲಲ್ಲಿ ಜೀವಾನೇ ಇಲ್ಲ" ಅಂದರು. ನಾಡಿ 48. ಫಿಬ್ರಿಲೇಶನ್ ಕಾಲದ ಮೆಟೊಪ್ರೊಲಾಲ್ ಪ್ರಮಾಣವನ್ನು ಹಾಗೇ ಮುಂದುವರಿಸಿದ್ದೆವು. ನಿಧಾನ ಒಳ್ಳೆಯದಾದರೆ ಇನ್ನೂ ನಿಧಾನ ಇನ್ನೂ ಒಳ್ಳೆಯದು ಎಂದು ನಾನೇ ಒಳಗೊಳಗೆ ನಂಬಿದ್ದೆ ಅನ್ನಿಸುತ್ತದೆ. ಗಟ್ಟಿ ಹೃದಯ ಒಂದು ಹದದವರೆಗೆ ತುಂಬಿ ಅಲ್ಲಿಗೇ ನಿಲ್ಲುತ್ತದೆ, ಆಮೇಲೆ ಎಷ್ಟು ಹೊತ್ತು ಕಾದರೂ ಹೆಚ್ಚಿಗೆ ಹಿಡಿಸುವುದಿಲ್ಲ. ಒಂದು ಬಡಿತಕ್ಕೆ 55 ಮಿಲಿಲೀಟರ್ ಎಂದರೂ 48 ಬಡಿತಕ್ಕೆ ನಿಮಿಷಕ್ಕೆ 2.6 ಲೀಟರ್. ವಿಶ್ರಾಂತಿಯಲ್ಲಿರುವ ದೇಹಕ್ಕೇ ಸುಮಾರು 5 ಲೀಟರ್ ಬೇಕು. ಮಾತ್ರೆಯನ್ನು ಕಾಲು ಭಾಗಕ್ಕೆ ಇಳಿಸಿದೆವು, ನಾಡಿ 68ಕ್ಕೆ ಬಂತು. ಬಿಪಿಗೆ ಬೇರೆ ಮಾತ್ರೆ ಸೇರಿಸಿ 130ರ ಕೆಳಗೆ ಹಿಡಿದೆವು. ಎಂಪಾಗ್ಲಿಫ್ಲೋಜಿನ್ ಕೂಡ ಸೇರಿತು. ಮೂಲತಃ ಸಕ್ಕರೆ ಕಾಯಿಲೆಯ ಮಾತ್ರೆ ಅದು, ಆದರೆ ಹಿಂಡುವಿಕೆ ಚೆನ್ನಾಗಿದ್ದೂ ಸೋತ ಹೃದಯದವರು ಮತ್ತೆ ಮತ್ತೆ ಆಸ್ಪತ್ರೆ ಸೇರುವುದನ್ನು ಕಡಿಮೆ ಮಾಡುತ್ತದೆಂದು 2021ರಲ್ಲಿ ಪ್ರಕಟವಾದ ದೊಡ್ಡ ಪ್ರಯೋಗವೊಂದು ತೋರಿಸಿತು.

ನಮ್ಮಲ್ಲಿ ಬದಲಾದದ್ದು

ಎಕೋ ರಿಪೋರ್ಟನ್ನು ನಾನೀಗ ಕೊನೆಯಿಂದ ಓದುವುದಿಲ್ಲ. ಮೊದಲು ತುಂಬಿದಾಗಿನ ಗಾತ್ರ, ಆಮೇಲೆ ಗೋಡೆಯ ದಪ್ಪ, ಎಡ ಹೃತ್ಕರ್ಣದ ಅಳತೆ, ಪರ್ಸೆಂಟ್ ಆಮೇಲೆ. ಹಿಗ್ಗಿದ ಎಡ ಹೃತ್ಕರ್ಣ ಬಹಳ ದಿನದಿಂದ ಹಿಂದೊತ್ತಡ ತಿಂದದ್ದಕ್ಕೆ ಸಾಕ್ಷಿ. ಅದು ಸುಳ್ಳು ಹೇಳುವುದು ಅಪರೂಪ. ಲಯ ತಪ್ಪಿದವರಲ್ಲಿ ಎದೆಯ ಎಣಿಕೆ ಮತ್ತು ಮಣಿಕಟ್ಟಿನ ಎಣಿಕೆ ಎರಡನ್ನೂ ಚಾರ್ಟಿನಲ್ಲಿ ಬೇರೆ ಬೇರೆ ಬರೆಯುತ್ತೇವೆ. ಸಿಸ್ಟರ್‌ಗಳಿಗೆ ಮೊದಲು ಕಿರಿಕಿರಿಯಾಯಿತು, ಒಬ್ಬರು 140ಕ್ಕೆ 96 ಹಿಡಿದ ಮೇಲೆ ಯಾರೂ ಗೊಣಗಿಲ್ಲ. ವಯಸ್ಸಾದವರಿಗೆ ಮೊದಲ ಸಲ ‘ಉಬ್ಬಸ’ ಬಂದರೆ ನೆಬ್ಯುಲೈಸರ್‌ಗೆ ಕೈ ಹಾಕುವ ಮುಂಚೆ ಇಸಿಜಿ. ಮನೆಯವರಿಗೆ ‘ಪಂಪಿಂಗ್ ನಾರ್ಮಲ್’ ಎಂದಷ್ಟೇ ಹೇಳಿ ಕಳಿಸುವುದನ್ನೂ ಬಿಟ್ಟಿದ್ದೇನೆ. ಹಿಂಡುವುದು ಸರಿಯಿದೆ, ತುಂಬುವುದು ಹೇಗಿದೆ ನೋಡೋಣ ಎನ್ನುತ್ತೇನೆ. ಒಂದು ನಿಮಿಷ ಹೆಚ್ಚು ಹಿಡಿಯುತ್ತದೆ.

ಶಾಕ್ ಕೊಟ್ಟು ಎಂಟನೆಯ ವಾರಕ್ಕೆ ಟೀಚರಮ್ಮ ಬಂದರು. ನಡುಗಿ ದಣಿದ ಹೃತ್ಕರ್ಣ ಲಯ ಮರಳಿದ ಕೂಡಲೇ ಹಿಂಡಲು ತೊಡಗುವುದಿಲ್ಲ, ಕೆಲವು ದಿನ, ಕೆಲವೊಮ್ಮೆ ವಾರಗಳು ಮಂಕಾಗಿಯೇ ಇರುತ್ತದೆ. ಹಾಗಾಗಿ ಎಕೋವನ್ನು ಇಷ್ಟು ದಿನ ತಡೆದಿದ್ದೆವು. ಮೈಟ್ರಲ್ ಕವಾಟದಲ್ಲಿ ರಕ್ತದ ಹರಿವು ತೋರಿಸುವ ಡಾಪ್ಲರ್ ಚಿತ್ರದಲ್ಲಿ ಹಿಂದೆ ಪ್ರತಿ ಬಡಿತಕ್ಕೂ ಒಂದೇ ಅಲೆ ಇತ್ತು, ಈಗ ಎರಡು. ಮೊದಲ ಭರದ ಇ ಅಲೆ ಗಿಡ್ಡ, ಹೃತ್ಕರ್ಣದ ಎ ಅಲೆ ಅದಕ್ಕಿಂತ ಎತ್ತರ. ತುಂಬಿದಾಗಿನ ಗಾತ್ರ 78 ಇದ್ದದ್ದು 92. ಎಜೆಕ್ಷನ್ ಫ್ರಾಕ್ಷನ್? 63. ಒಂದು ಪರ್ಸೆಂಟ್ ಕಡಿಮೆ! ಮಗ ಅದನ್ನು ನೋಡಿ ನನ್ನ ಮುಖ ನೋಡಿದ, ನಾನು ಮೊದಲ ಪುಟ ತಿರುಗಿಸಿ ಕೊಟ್ಟೆ.

ಎಕೋಗೆ ಮೊದಲು ಎದೆಯ ಮೇಲೆ ಸ್ಟೆತೊಸ್ಕೋಪ್ ಇಟ್ಟಿದ್ದೆ. ಎಡಮಗ್ಗುಲಿಗೆ ಹೊರಳಿಸಿ, ಬೆಲ್‌ನ ಕಡೆಯಿಂದ, ಹಗುರಾಗಿ. ‘ಲಬ್’ ಬರುವ ಸ್ವಲ್ಪ ಮುಂಚೆ ಇನ್ನೊಂದು ಸದ್ದು, ಕಿವಿಗಿಂತ ಹೆಚ್ಚಾಗಿ ಬೆರಳಿಗೆ ತಿಳಿಯುವಷ್ಟು ಮಂದ: ತ-ಲಬ್, ಡಬ್. ತ-ಲಬ್, ಡಬ್. ನಾಲ್ಕನೆಯ ಸದ್ದು. ಗಟ್ಟಿ ಗೋಡೆಗೆ ಹೃತ್ಕರ್ಣ ರಕ್ತವನ್ನು ತಳ್ಳಿದಾಗ ಹುಟ್ಟುವುದು. ಬೇರೆ ಯಾರಲ್ಲಾದರೂ ಕೇಳಿದ್ದರೆ ಕೆಟ್ಟ ಸುದ್ದಿ ಎಂದು ಬರೆದುಕೊಳ್ಳುತ್ತಿದ್ದೆ. ನಾನು ಬಹಳ ಹೊತ್ತು ಕೇಳುತ್ತಾ ಕೂತದ್ದಕ್ಕೆ ಟೀಚರಮ್ಮನಿಗೆ ಗಾಬರಿಯಾಗಿ, "ಏನಾಯ್ತು ಡಾಕ್ಟ್ರೇ?" ಅಂದರು. ಏನಿಲ್ಲಮ್ಮ, ಎಣಿಸ್ತಾ ಇದ್ದೆ ಅಂದೆ.